ಕೀಮೋಥೆರಪಿಯ ನಂತರ ಉಳಿದ 8 ಮಿ.ಮೀ.: ಅಲ್ಟ್ರಾಸೌಂಡ್ ಕಂಡದ್ದು ಮತ್ತು ಕಾಣದೆ ಹೋದದ್ದು

ಶಸ್ತ್ರಚಿಕಿತ್ಸೆಗೆ ಮೊದಲೇ ಕೀಮೋಥೆರಪಿ ಪಡೆದ ಸ್ತನ ಕ್ಯಾನ್ಸರ್ ರೋಗಿಯೊಬ್ಬರು ಕೊನೆಯ ಸುತ್ತು ಮುಗಿಸಿ ಅಲ್ಟ್ರಾಸೌಂಡ್ ಕೊಠಡಿಗೆ ಬಂದಾಗ, ಅವರ ಮನಸ್ಸಿನಲ್ಲೂ ಅವರನ್ನು ಕಳುಹಿಸಿದ ವೈದ್ಯರ ಚೀಟಿಯಲ್ಲೂ ಇರುವ ಪ್ರಶ್ನೆ ಒಂದೇ: ಕ್ಯಾನ್ಸರ್ ಇನ್ನೂ ಉಳಿದಿದೆಯೇ? ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಶಕ್ತಿ ಅಲ್ಟ್ರಾಸೌಂಡ್‌ಗೆ ಇಲ್ಲ. ಸುತ್ತಲಿನ ಅಂಗಾಂಶಕ್ಕಿಂತ ಬೇರೆ ರೀತಿಯಲ್ಲಿ ಶಬ್ದದ ಅಲೆಯನ್ನು ಹಿಂದಿರುಗಿಸುವ ಜಾಗ ಎಲ್ಲಾದರೂ ಇದೆಯೇ ಎಂಬುದನ್ನಷ್ಟೇ ಅದು ತೋರಿಸಬಲ್ಲದು. ಚಿಕಿತ್ಸೆಗೆ ಮೊದಲು ಈ ಎರಡು ಪ್ರಶ್ನೆಗಳ ಉತ್ತರ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಚಿಕಿತ್ಸೆಯ ನಂತರ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಅವು ಒಂದರಿಂದೊಂದು ಎಷ್ಟು ದೂರ ಸರಿಯಬಲ್ಲವು, ಸರಿದಾಗ ವೈದ್ಯರ ತಂಡ ಯಾವುದನ್ನು ಆಧರಿಸಿ ಮುಂದುವರಿಯಬೇಕು ಎಂಬುದನ್ನು ಒಂದು ಪ್ರಕರಣದ ಮೂಲಕ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಇಲ್ಲಿ ಬರುವ ಮಹಿಳೆ ಯಾವ ನಿರ್ದಿಷ್ಟ ರೋಗಿಯೂ ಅಲ್ಲ; ಸ್ತನ ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂದರ್ಭಗಳನ್ನು ಕಲಿಕೆಗಾಗಿ ಒಂದೇ ಕಡತದಲ್ಲಿ ಹೆಣೆದಿದ್ದೇನೆ. ಪ್ರಕಟಿತ ಅಧ್ಯಯನಗಳಿಂದ ಎತ್ತಿಕೊಂಡ ಅಂಕಿಗಳು ಮಾತ್ರ ಇದ್ದಂತೆಯೇ ಇವೆ.

ಮೊದಲ ದಿನದ ಚಿತ್ರಗಳು

ರೋಗಿ 46 ವರ್ಷದ ಮಹಿಳೆ. ಎಡಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಬದಿಗೆ, ಎರಡು ತಿಂಗಳಿಂದ ಕೈಗೆ ಸಿಗುತ್ತಿದ್ದ ನೋವಿಲ್ಲದ ಗಡ್ಡೆಯೇ ಅವರ ದೂರು. ಮ್ಯಾಮೊಗ್ರಾಂನಲ್ಲಿ ಅಂಚು ಸ್ಪಷ್ಟವಿಲ್ಲದ ಗಡ್ಡೆಯೂ ಅದರಿಂದ ಮೊಲೆತೊಟ್ಟಿನ ದಿಕ್ಕಿಗೆ ಸಾಗುವ ಸೂಕ್ಷ್ಮ ಕ್ಯಾಲ್ಸಿಯಂ ಕಣಗಳ ಸಾಲೂ ಕಂಡವು. ಅಲ್ಟ್ರಾಸೌಂಡ್‌ನಲ್ಲಿ 2 ಗಂಟೆಯ ದಿಕ್ಕಿನಲ್ಲಿ, ಮೊಲೆತೊಟ್ಟಿನಿಂದ 5 ಸೆಂ.ಮೀ. ದೂರದಲ್ಲಿ, 34 × 26 × 22 ಮಿ.ಮೀ. ಅಳತೆಯ ಗಡ್ಡೆ ಇತ್ತು. ಅದು ಸುತ್ತಲಿನ ಕೊಬ್ಬಿಗಿಂತ ಕಪ್ಪಾಗಿತ್ತು, ಅಂಚಿನಿಂದ ಮುಳ್ಳಿನಂತಹ ಎಳೆಗಳು ಹೊರಟಿದ್ದವು, ಹಿಂದೆ ದಟ್ಟವಾದ ನೆರಳು ಬಿದ್ದಿತ್ತು, ಡಾಪ್ಲರ್‌ನಲ್ಲಿ ಒಳಗೂ ಅಂಚಿನಲ್ಲೂ ರಕ್ತದ ಹರಿವು ಕಾಣುತ್ತಿತ್ತು. ಕಂಕುಳಿನ ಒಂದು ದುಗ್ಧರಸ ಗ್ರಂಥಿಯ ಹೊರಪದರ 7 ಮಿ.ಮೀ. ದಪ್ಪವಾಗಿ, ನಡುವಿನ ಕೊಬ್ಬಿನ ಭಾಗ ಬಹುತೇಕ ಮುಚ್ಚಿಹೋಗಿತ್ತು. ಸಾಮಾನ್ಯವಾಗಿ ಈ ಪದರ 3 ಮಿ.ಮೀ. ಮೀರಿದರೆ ಅನುಮಾನ ಪಡಲಾಗುತ್ತದೆ.

ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಎರಡೂ ಕಡೆ ಸೂಜಿಯಿಂದ ಬಯಾಪ್ಸಿ ತೆಗೆಯಲಾಯಿತು. ಫಲಿತಾಂಶ: ಹಾಲಿನ ನಾಳದಿಂದ ಹುಟ್ಟಿ ಹೊರಗೆ ಹರಡಿದ ಕ್ಯಾನ್ಸರ್, ಮೂರನೆಯ ದರ್ಜೆ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನ್‌ಗಳ ಗ್ರಾಹಿಗಳು ಇಲ್ಲ, ಕೋಶಗಳ ಬೆಳವಣಿಗೆಗೆ ಒತ್ತು ಕೊಡುವ ಹರ್-2 ಎಂಬ ಗ್ರಾಹಿ ಪ್ರೋಟೀನ್‌ನ ಪರೀಕ್ಷೆ 3+, ಅಂದರೆ ಅದು ಅತಿಯಾಗಿದೆ. ಕಂಕುಳಿನ ಗ್ರಂಥಿಯಲ್ಲೂ ಅದೇ ಕ್ಯಾನ್ಸರ್ ಕೋಶಗಳು ಸಿಕ್ಕವು. ದೇಹದ ಬೇರೆಡೆ ಹರಡಿದ ಲಕ್ಷಣ ಇರಲಿಲ್ಲ. ಕೀಮೋಥೆರಪಿ ಆರಂಭಿಸುವ ಮುನ್ನ ಗಡ್ಡೆಯ ನಡುವೆ ಒಂದು, ರೋಗ ತಗುಲಿದ ಗ್ರಂಥಿಯಲ್ಲಿ ಒಂದು, ಹೀಗೆ ಎರಡು ಪುಟ್ಟ ಲೋಹದ ಕ್ಲಿಪ್‌ಗಳನ್ನು ಅಲ್ಟ್ರಾಸೌಂಡ್ ಮಾರ್ಗದರ್ಶನದಲ್ಲೇ ಇರಿಸಲಾಯಿತು. ಔಷಧ ಚೆನ್ನಾಗಿ ಕೆಲಸ ಮಾಡಿದರೆ ಗಡ್ಡೆ ಕಣ್ಮರೆಯಾಗುತ್ತದೆ. ಕಣ್ಮರೆಯಾದ ಮೇಲೆ ಅದು ಎಲ್ಲಿತ್ತು ಎಂಬುದಕ್ಕೆ ಗುರುತು ಬೇಕು. ಈ ಹೆಜ್ಜೆಯನ್ನು ಬಿಟ್ಟುಬಿಟ್ಟರೆ ಮುಂದಿನ ಯಾವ ಕುಶಲತೆಯಿಂದಲೂ ಆ ಕೊರತೆಯನ್ನು ತುಂಬಲಾಗದು.

ಶಸ್ತ್ರಚಿಕಿತ್ಸೆಯನ್ನು ಮುಂದೂಡಿ ಮೊದಲು ಔಷಧ ಕೊಡುವುದು ಏಕೆ ಎಂಬ ಪ್ರಶ್ನೆಯನ್ನು ರೋಗಿಯೂ ಅವರ ಮನೆಯವರೂ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ 1988ರಲ್ಲಿ ಆರಂಭವಾಗಿ 1,523 ಮಹಿಳೆಯರನ್ನು ಒಳಗೊಂಡ ಬಿ-18 ಎಂಬ ಪ್ರಯೋಗದಲ್ಲಿ, ಒಂದೇ ಕೀಮೋಥೆರಪಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲು ಕೊಟ್ಟರೂ ನಂತರ ಕೊಟ್ಟರೂ ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲು ಕೊಟ್ಟಾಗ ಸ್ತನವನ್ನು ಉಳಿಸಿಕೊಳ್ಳಲು ಸಾಧ್ಯವಾದವರ ಸಂಖ್ಯೆ ಮಾತ್ರ ಹೆಚ್ಚಾಯಿತು. ಇದಕ್ಕಿಂತ ದೊಡ್ಡ ಪ್ರಯೋಜನ ನಂತರದ ವರ್ಷಗಳಲ್ಲಿ ಸ್ಪಷ್ಟವಾಯಿತು. ಔಷಧ ಈ ಕ್ಯಾನ್ಸರ್ ಮೇಲೆ ಎಷ್ಟು ಕೆಲಸ ಮಾಡಿತು ಎಂಬುದು ಕಣ್ಣಿಗೇ ಕಾಣುತ್ತದೆ, ಮತ್ತು ಆ ತಿಳಿವಳಿಕೆಯಿಂದ ಮುಂದಿನ ಔಷಧವನ್ನು ಬದಲಾಯಿಸಬಹುದು. 2014ರಲ್ಲಿ ಪ್ರಕಟವಾದ, 12 ಪ್ರಯೋಗಗಳ ಸುಮಾರು 12,000 ರೋಗಿಗಳ ಒಟ್ಟು ವಿಶ್ಲೇಷಣೆಯು, ಸ್ತನದಲ್ಲೂ ಗ್ರಂಥಿಗಳಲ್ಲೂ ಹರಡುವ ಕ್ಯಾನ್ಸರ್ ಸಂಪೂರ್ಣವಾಗಿ ಇಲ್ಲವಾದವರ ಮುಂದಿನ ಬದುಕು ಉಳಿದವರಿಗಿಂತ ಉತ್ತಮವಾಗಿರುತ್ತದೆ ಎಂದು ತೋರಿಸಿತು. ಹರ್-2 ಇರುವ, ಹಾರ್ಮೋನ್ ಗ್ರಾಹಿಗಳಿಲ್ಲದ ಕ್ಯಾನ್ಸರ್‌ನಲ್ಲಿ ಮತ್ತು ಹರ್-2 ಸೇರಿ ಮೂರೂ ಗ್ರಾಹಿಗಳಿಲ್ಲದ ಕ್ಯಾನ್ಸರ್‌ನಲ್ಲಿ ಈ ಸಂಬಂಧ ಬಲವಾಗಿತ್ತು. ನಮ್ಮ ರೋಗಿ ಮೊದಲನೆಯ ಗುಂಪಿಗೆ ಸೇರಿದವರು.

ಅಳತೆಗಳ ಲೆಕ್ಕ

ಡೋಸಿಟ್ಯಾಕ್ಸೆಲ್, ಕಾರ್ಬೊಪ್ಲಾಟಿನ್, ಟ್ರಾಸ್ಟುಜುಮ್ಯಾಬ್ ಮತ್ತು ಪರ್ಟುಜುಮ್ಯಾಬ್ ಔಷಧಗಳನ್ನು ಮೂರು ವಾರಗಳಿಗೊಮ್ಮೆ, ಒಟ್ಟು ಆರು ಸುತ್ತು ಕೊಡುವುದೆಂದು ನಿರ್ಧಾರವಾಯಿತು. (ಟ್ರಾಸ್ಟುಜುಮ್ಯಾಬ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದಾದ್ದರಿಂದ ಎಕೊ ಪರೀಕ್ಷೆಯನ್ನೂ ಕಾಲಕಾಲಕ್ಕೆ ಮಾಡಬೇಕಾಗುತ್ತದೆ, ಸ್ತನವನ್ನು ನೋಡುವ ಅದೇ ಶಬ್ದದ ಅಲೆ ಅಲ್ಲಿ ಹೃದಯವನ್ನು ಕಾಯುತ್ತದೆ.) ಮೂರು ಸುತ್ತುಗಳ ನಂತರ ಒಮ್ಮೆ, ಆರು ಸುತ್ತುಗಳ ನಂತರ ಒಮ್ಮೆ ಸ್ತನದ ಅಲ್ಟ್ರಾಸೌಂಡ್ ಮಾಡಬೇಕೆಂದು ಮೊದಲೇ ಗೊತ್ತುಮಾಡಲಾಗಿತ್ತು.

ಮಧ್ಯದ ಪರೀಕ್ಷೆಯಲ್ಲಿ ಗಡ್ಡೆ 18 × 13 × 10 ಮಿ.ಮೀ.ಗೆ ಇಳಿದಿತ್ತು. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕುವುದು ಒಳ್ಳೆಯದು, ಏಕೆಂದರೆ ಒಂದೇ ಬದಲಾವಣೆಯನ್ನು ಎರಡು ಅಂಕಿಗಳು ಎರಡು ಬಗೆಯಲ್ಲಿ ಹೇಳುತ್ತವೆ. ಉದ್ದವನ್ನಷ್ಟೇ ನೋಡಿದರೆ 34ರಿಂದ 18ಕ್ಕೆ, ಅಂದರೆ ಶೇ. 47ರಷ್ಟು ಇಳಿಕೆ. ಮೂರೂ ಅಳತೆಗಳನ್ನು ಗುಣಿಸಿ, ಮೊಟ್ಟೆಯಾಕಾರದ ವಸ್ತುವಿಗೆ ಅನ್ವಯಿಸುವ 0.52 ಎಂಬ ಗುಣಕದಿಂದ ಗಾತ್ರವನ್ನು ಕಂಡುಹಿಡಿದರೆ, ಸುಮಾರು 10 ಘನ ಸೆಂ.ಮೀ. ಇದ್ದದ್ದು 1.2 ಘನ ಸೆಂ.ಮೀ.ಗೆ, ಅಂದರೆ ಶೇ. 88ರಷ್ಟು ಇಳಿದಿದೆ. ಗಡ್ಡೆಗಳ ಪ್ರತಿಕ್ರಿಯೆಯನ್ನು ಅಳೆಯಲು ಬಳಸುವ, 2009ರಲ್ಲಿ ಪರಿಷ್ಕೃತವಾದ ರೆಸಿಸ್ಟ್ ಮಾನದಂಡ ಉದ್ದವನ್ನೇ ನೆಚ್ಚಿಕೊಂಡಿದೆ: ಶೇ. 30 ಅಥವಾ ಹೆಚ್ಚು ಇಳಿದರೆ ಭಾಗಶಃ ಪ್ರತಿಕ್ರಿಯೆ, ಶೇ. 20 ಅಥವಾ ಹೆಚ್ಚು ಏರಿದರೆ ರೋಗ ಮುಂದುವರಿದಿದೆ ಎಂದರ್ಥ. ದುಂಡಾದ ಗಡ್ಡೆಯ ಅಡ್ಡಳತೆ ಶೇ. 30 ಇಳಿಯುವಷ್ಟರಲ್ಲಿ ಅದರ ಗಾತ್ರ ಮೂರನೇ ಎರಡು ಭಾಗದಷ್ಟು ಕರಗಿರುತ್ತದೆ. ವರದಿಯಲ್ಲಿ ಎರಡನ್ನೂ ಬರೆಯುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಒಂದೇ ಅಂಕಿ ಕೊಟ್ಟರೆ ಓದುವವರು ತಮ್ಮ ಆಶೆಗೋ ಭಯಕ್ಕೋ ತಕ್ಕಂತೆ ಅದನ್ನು ಅರ್ಥಮಾಡಿಕೊಳ್ಳುತ್ತಾರೆ.

ಅಳತೆಯನ್ನು ನಂಬಬೇಕಾದರೆ ಅಳೆಯುವ ಕ್ರಮ ಬದಲಾಗಬಾರದು. ಸ್ತನ ಮೃದುವಾದ ಅಂಗ. ಪ್ರೋಬನ್ನು ಸ್ವಲ್ಪ ಹೆಚ್ಚು ಒತ್ತಿದರೂ, ರೋಗಿಯನ್ನು ಸ್ವಲ್ಪ ಬೇರೆ ಓರೆಯಲ್ಲಿ ಮಲಗಿಸಿದರೂ ಕೆಲವು ಮಿಲಿಮೀಟರ್ ಅತ್ತಿತ್ತ ಆಗುತ್ತದೆ. 34 ಮಿ.ಮೀ. ಗಡ್ಡೆಯಲ್ಲಿ ಇದು ಅಷ್ಟು ಮುಖ್ಯವಲ್ಲ, 8 ಮಿ.ಮೀ. ಉಳಿದಾಗ ಇದೇ ದೊಡ್ಡ ತಪ್ಪಾಗುತ್ತದೆ. ಆದ್ದರಿಂದ ಎಡಗೈಯನ್ನು ತಲೆಯ ಹಿಂದೆ ಇರಿಸಿ, ದೇಹವನ್ನು ಬಲಕ್ಕೆ ತುಸು ಓರೆ ಮಾಡಿ, ಮೊಲೆತೊಟ್ಟಿನಿಂದ ಹೊರಕ್ಕೆ ಸಾಗುವ ಗೆರೆಯಲ್ಲಿ ಒಮ್ಮೆ, ಅದಕ್ಕೆ ಅಡ್ಡಲಾಗಿ ಒಮ್ಮೆ, ಅದೇ ಯಂತ್ರದಲ್ಲಿ, ಅದೇ ಆವರ್ತನದಲ್ಲಿ, ಹಳೆಯ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಅಳೆಯುವ ರೂಢಿಯನ್ನು ಈ ಪ್ರಕರಣದಲ್ಲಿ ಪಾಲಿಸಲಾಯಿತು.

ಆರನೆಯ ಸುತ್ತಿನ ನಂತರ

ಕೊನೆಯ ಪರೀಕ್ಷೆಯ ಹೊತ್ತಿಗೆ ಕೈಗೆ ಏನೂ ಸಿಗುತ್ತಿರಲಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಕ್ಲಿಪ್‌ನ ಸುತ್ತ 8 × 5 × 4 ಮಿ.ಮೀ.ನಷ್ಟು ಮಸುಕಾದ ಕಪ್ಪು ಜಾಗ, ಅದರ ಹಿಂದೆ ತೆಳುವಾದ ನೆರಳು. ಡಾಪ್ಲರ್‌ನಲ್ಲಿ ರಕ್ತದ ಹರಿವು ಇಲ್ಲ. ಕಂಕುಳಿನ ಗ್ರಂಥಿಯ ಹೊರಪದರ 2 ಮಿ.ಮೀ.ಗೆ ಇಳಿದು, ನಡುವಿನ ಕೊಬ್ಬು ಮತ್ತೆ ಬಿಳಿಯಾಗಿ ಕಾಣುತ್ತಿತ್ತು. ಗ್ರಂಥಿ ಸಹಜ ರೂಪಕ್ಕೆ ಮರಳಿದ್ದರಿಂದ ಅದನ್ನು ಉಳಿದ ಗ್ರಂಥಿಗಳ ನಡುವೆ ಗುರುತಿಸುವುದೇ ಕಷ್ಟವಾಯಿತು. ಸಾಕಷ್ಟು ಹೊತ್ತು ಹುಡುಕಿದ ಮೇಲೆ ಕ್ಲಿಪ್‌ನ ಚಿಕ್ಕ ಹೊಳೆಯುವ ಗೆರೆ ಸಿಕ್ಕಿತು.

“ಡಾಕ್ಟರೇ, ಗಡ್ಡೆ ಹೋಗಿದೆ ಅಂದಮೇಲೆ ಆಪರೇಷನ್ ಯಾಕೆ?” ಎಂದು ರೋಗಿ ಪರೀಕ್ಷೆಯ ಮಂಚದ ಮೇಲಿಂದಲೇ ಕೇಳಿದರು. ಆ ಕ್ಷಣದಲ್ಲಿ ರೇಡಿಯಾಲಜಿಸ್ಟ್ ಕೊಟ್ಟ ಉತ್ತರ ಚಿಕ್ಕದಾಗಿತ್ತು: “ನೋಡಿ ಅಮ್ಮ, ನನಗೆ ಕಾಣುವಂಥದ್ದು ಬಹಳ ಕಡಿಮೆಯಾಗಿದೆ. ಕಾಣದಷ್ಟು ಸಣ್ಣದು ಉಳಿದಿದ್ದರೆ ಈ ಯಂತ್ರ ಹೇಳುವುದಿಲ್ಲ.” ರೋಗಿ ಸಂತೋಷದಿಂದ ಇರುವಾಗ ಇಂತಹ ಮಾತು ಹೇಳುವುದು ಸುಲಭವಲ್ಲ. ಹೇಳದೆ ಬಿಟ್ಟರೆ, ಮುಂದೆ ಪೆಥಾಲಜಿ ವರದಿ ಬೇರೆ ಮಾತು ಹೇಳಿದಾಗ ಅವರು ಎಲ್ಲರ ಮೇಲೂ ನಂಬಿಕೆ ಕಳೆದುಕೊಳ್ಳುತ್ತಾರೆ.

ಇಷ್ಟರವರೆಗಿನ ಕಥೆ ಯಾವ ವಿಭಾಗದಲ್ಲೂ ನಡೆಯಬಹುದಾದದ್ದು. ಪ್ರಕರಣ ತಿರುಗಿದ್ದು ಹಳೆಯ ಚಿತ್ರಗಳನ್ನು ಮತ್ತೆ ನೋಡಿದಾಗ. ಕೊನೆಯ ಚಿತ್ರವನ್ನು ಮೊದಲ ದಿನದ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸುವಾಗ, ಮೊದಲ ದಿನ ಗಡ್ಡೆಯ ಅಂಚಿನಿಂದ ಮೊಲೆತೊಟ್ಟಿನ ಕಡೆಗೆ ಸುಮಾರು 18 ಮಿ.ಮೀ. ಉದ್ದದ, ಕಿರಿದಾದ ಕಪ್ಪು ಪಟ್ಟಿಯೊಂದು ಚಾಚಿಕೊಂಡಿದ್ದದ್ದು ರೇಡಿಯಾಲಜಿಸ್ಟ್ ಕಣ್ಣಿಗೆ ಬಿತ್ತು. ಹಾಲಿನ ನಾಳದ ಉದ್ದಕ್ಕೆ ಕ್ಯಾನ್ಸರ್ ಸಾಗಿದಾಗ ಕಾಣುವ ರೂಪ ಅದು. ಮೊದಲ ದಿನದ ವರದಿ ಬರೆದವರು ಚಿತ್ರವನ್ನು ಸರಿಯಾಗಿಯೇ ಸಂಗ್ರಹಿಸಿದ್ದರು. ಆದರೆ ಅಳತೆಯ ಗುರುತುಗಳನ್ನು ದುಂಡನೆಯ ಭಾಗಕ್ಕಷ್ಟೇ ಇಟ್ಟು 34 ಎಂದು ಬರೆದಿದ್ದರು. ಪಟ್ಟಿಯ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಮೂರನೆಯ ಸುತ್ತಿನ ಹೊತ್ತಿಗೆ ಆ ಪಟ್ಟಿ ಸುತ್ತಲಿನ ಅಂಗಾಂಶದಲ್ಲಿ ಕರಗಿಹೋಗಿದ್ದರಿಂದ ನಂತರ ಯಾರಿಗೂ ಅದರ ನೆನಪಾಗುವ ಸಂದರ್ಭ ಬರಲಿಲ್ಲ. ರೋಗ ಹಬ್ಬಿದ್ದ ಉದ್ದ 34 ಮಿ.ಮೀ. ಅಲ್ಲ, 52 ಮಿ.ಮೀ. ಆಗಿತ್ತು.

ಈ ಪಟ್ಟಿ ಇದ್ದ ಜಾಗ ಮತ್ತು ಮ್ಯಾಮೊಗ್ರಾಂನಲ್ಲಿ ಕ್ಯಾಲ್ಸಿಯಂ ಕಣಗಳು ಸಾಲಾಗಿ ನಿಂತಿದ್ದ ಜಾಗ ಎರಡೂ ಒಂದೇ ಆಗಿದ್ದವು. ಹೊಸ ಮ್ಯಾಮೊಗ್ರಾಂನಲ್ಲಿ ಗಡ್ಡೆ ಇಲ್ಲವಾಗಿದ್ದರೂ ಕಣಗಳು ಹಾಗೆಯೇ ಇದ್ದವು. ಇದನ್ನು ಅರ್ಥೈಸುವುದು ಸುಲಭವಲ್ಲ. ಕೋಶಗಳು ಸತ್ತ ಮೇಲೂ ಅವು ಬಿಟ್ಟುಹೋದ ಕ್ಯಾಲ್ಸಿಯಂ ಅಲ್ಲೇ ಉಳಿಯುತ್ತದೆ. ಕೆಲವೊಮ್ಮೆ ಹೆಚ್ಚುವುದೂ ಉಂಟು. ಆದ್ದರಿಂದ ಕಣಗಳು ಇವೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಇದೆ ಎನ್ನಲಾಗದು, ಇಲ್ಲ ಎನ್ನಲೂ ಆಗದು. ಎಂಆರ್‌ಐ ಮಾಡಿಸಲಾಯಿತು. ಚುಚ್ಚಿದ ಕಾಂಟ್ರಾಸ್ಟ್ ಔಷಧವನ್ನು ಹೀರಿಕೊಂಡು ಹೊಳೆಯುವ ಜಾಗ ಎಲ್ಲಿಯೂ ಕಾಣಲಿಲ್ಲ. ಉಳಿಕೆ ರೋಗವನ್ನು ಅಂದಾಜಿಸುವಲ್ಲಿ ಎಂಆರ್‌ಐ ಉಳಿದ ಚಿತ್ರಣ ವಿಧಾನಗಳಿಗಿಂತ ನಿಖರವೆಂದು ಒಪ್ಪಿಕೊಳ್ಳಲಾಗಿದೆ. ಹಾಗಿದ್ದರೂ ಟ್ಯಾಕ್ಸೇನ್ ವರ್ಗದ ಔಷಧಗಳು (ಈ ರೋಗಿ ಪಡೆದ ಡೋಸಿಟ್ಯಾಕ್ಸೆಲ್ ಅವುಗಳಲ್ಲೊಂದು) ಗಡ್ಡೆಯ ರಕ್ತನಾಳಗಳನ್ನೂ ಕುಗ್ಗಿಸುವುದರಿಂದ, ಅವುಗಳನ್ನು ಪಡೆದ ರೋಗಿಯಲ್ಲಿ ಚದುರಿದ ಸಣ್ಣ ಉಳಿಕೆ ಹೊಳೆಯದೆ ತಪ್ಪಿಸಿಕೊಳ್ಳಬಹುದು.

ಎಷ್ಟು ತೆಗೆಯಬೇಕು ಎಂಬ ಚರ್ಚೆ

ಬಹುಶಿಸ್ತೀಯ ತಂಡದ ಸಭೆಯ ಮುಂದೆ ಮೂರು ದಾರಿಗಳಿದ್ದವು. ಕ್ಲಿಪ್‌ನ ಸುತ್ತಲಿನ 8 ಮಿ.ಮೀ. ಜಾಗವನ್ನು ಒಂದು ಸೆಂಟಿಮೀಟರ್ ಅಂಚಿನೊಂದಿಗೆ ತೆಗೆಯುವುದು ಒಂದು. ಕ್ಲಿಪ್‌ನ ಜೊತೆಗೆ ಕ್ಯಾಲ್ಸಿಯಂ ಕಣಗಳ ಇಡೀ ಸಾಲನ್ನೂ ತೆಗೆಯುವುದು ಇನ್ನೊಂದು. ಮೂರನೆಯದನ್ನು ರೋಗಿಯ ಪರವಾಗಿ ಔಷಧ ಚಿಕಿತ್ಸಾ ತಜ್ಞರು ಮಂಡಿಸಿದರು: ಕ್ಲಿಪ್ ಇರುವಲ್ಲಿಂದ ನಿರ್ವಾತ ಸೂಜಿಯಿಂದ ಹಲವು ತುಣುಕುಗಳನ್ನು ತೆಗೆದು ನೋಡಿ, ಏನೂ ಸಿಗದಿದ್ದರೆ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟು ವಿಕಿರಣ ಚಿಕಿತ್ಸೆಯನ್ನಷ್ಟೇ ಕೊಡಬಹುದೇ?

ಮೂರನೆಯ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೂರೂ ಗ್ರಾಹಿಗಳಿಲ್ಲದ ಅಥವಾ ಹರ್-2 ಇರುವ ಕ್ಯಾನ್ಸರ್‌ನ 50 ಮಹಿಳೆಯರ ಪೈಕಿ ಸೂಜಿ ಪರೀಕ್ಷೆಯಲ್ಲಿ ಏನೂ ಸಿಗದ 31 ಮಂದಿಗೆ ಸ್ತನದ ಶಸ್ತ್ರಚಿಕಿತ್ಸೆಯನ್ನು ಬಿಟ್ಟು ವಿಕಿರಣ ಕೊಡಲಾಯಿತು. ಎರಡು ವರ್ಷಕ್ಕೆ ತುಸು ಮೀರಿದ ನಿಗಾ ಅವಧಿಯಲ್ಲಿ (ಮಧ್ಯಾಂಕ) ಅವರಲ್ಲಿ ಯಾರ ಸ್ತನದಲ್ಲೂ ರೋಗ ಮರುಕಳಿಸಿರಲಿಲ್ಲ. ಇದು ಭರವಸೆ ಹುಟ್ಟಿಸುವ ಫಲಿತಾಂಶ. ಆದರೆ ಸೂಜಿ ಪರೀಕ್ಷೆಯ ನಂತರ ಎಲ್ಲರಿಗೂ ಶಸ್ತ್ರಚಿಕಿತ್ಸೆ ಮಾಡಿ ಹೋಲಿಸಿದ ಅಧ್ಯಯನಗಳ ಚಿತ್ರ ಬೇರೆ. 398 ಮಹಿಳೆಯರ ರೆಸ್ಪಾಂಡರ್ ಅಧ್ಯಯನದಲ್ಲಿ, ನಿಜವಾಗಿ ಉಳಿಕೆ ಇದ್ದವರ ಪೈಕಿ ಶೇ. 17.8ರಷ್ಟು ಮಂದಿಯಲ್ಲಿ ನಿರ್ವಾತ ಸೂಜಿಗೆ ಅದು ಸಿಕ್ಕಿರಲಿಲ್ಲ. ನೆದರ್‌ಲೆಂಡ್ಸ್‌ನ ಮೈಕ್ರಾ ಅಧ್ಯಯನದಲ್ಲಿ, ತೆಳುವಾದ ಸೂಜಿಗಳಿಂದ ತೆಗೆದಾಗ, ಈ ಪ್ರಮಾಣ ಶೇ. 37 ಆಗಿತ್ತು. ಮೇಲಾಗಿ ಈ ರೋಗಿಯ ಮೂಲ ರೋಗ 5 ಸೆಂ.ಮೀ. ದಾಟಿತ್ತು ಎಂಬುದು ಈಗ ಗೊತ್ತಾಗಿತ್ತು; ಸೂಜಿ ಹೋಗುವುದು ಕ್ಲಿಪ್ ಇರುವಲ್ಲಿಗೆ, ಕ್ಲಿಪ್ ಇದ್ದದ್ದು ಅದರ ಒಂದು ತುದಿಗೆ ಹತ್ತಿರ. ಸಭೆ ಎರಡನೆಯ ದಾರಿಯನ್ನು ಆರಿಸಿತು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ, ತೆಗೆಯಬೇಕಾದ ಜಾಗವನ್ನು ತೋರಿಸಲು ಎರಡು ತೆಳು ತಂತಿಗಳನ್ನು ಇರಿಸಲಾಯಿತು: ಕ್ಲಿಪ್ ಇರುವಲ್ಲಿಗೆ ಅಲ್ಟ್ರಾಸೌಂಡ್ ನೋಡುತ್ತ ಒಂದು, ಕಣಗಳ ಸಾಲಿನ ಮೊಲೆತೊಟ್ಟಿನ ಕಡೆಯ ತುದಿಗೆ ಮ್ಯಾಮೊಗ್ರಾಂ ನೋಡುತ್ತ ಇನ್ನೊಂದು. ತೆಗೆದ ಅಂಗಾಂಶವನ್ನು ಶಸ್ತ್ರಚಿಕಿತ್ಸಾ ಕೊಠಡಿಯಿಂದಲೇ ಎಕ್ಸ್‌-ರೇಗೆ ಕಳುಹಿಸಿ, ಕ್ಲಿಪ್ ಮತ್ತು ಕಣಗಳು ಎಲ್ಲವೂ ಅದರೊಳಗೆ ಇವೆಯೆಂದು ಖಚಿತಪಡಿಸಿಕೊಂಡ ಮೇಲೆ ಗಾಯವನ್ನು ಮುಚ್ಚಲಾಯಿತು. ಕಂಕುಳಿನಲ್ಲಿ ಕಾವಲು ಗ್ರಂಥಿಗಳ (ಸ್ತನದಿಂದ ಹರಿಯುವ ದುಗ್ಧರಸ ಮೊದಲು ತಲುಪುವ ಗ್ರಂಥಿಗಳ) ಜೊತೆಗೆ ಕ್ಲಿಪ್ ಇದ್ದ ಗ್ರಂಥಿಯನ್ನೂ ಹುಡುಕಿ ತೆಗೆಯಲಾಯಿತು. ಗ್ರಂಥಿಯಲ್ಲಿ ಮೊದಲೇ ರೋಗವಿದ್ದು ಕೀಮೋಥೆರಪಿ ಪಡೆದವರಲ್ಲಿ ಕಾವಲು ಗ್ರಂಥಿಗಳನ್ನಷ್ಟೇ ನೋಡಿದರೆ ಉಳಿಕೆ ಇರುವವರ ಪೈಕಿ ಶೇ. 12.6ರಷ್ಟು ಮಂದಿಯಲ್ಲಿ ಅದು ತಪ್ಪಿಹೋಗುತ್ತದೆ ಎಂದು 2013ರಲ್ಲಿ ಪ್ರಕಟವಾದ ಝಡ್-1071 ಪ್ರಯೋಗ ತೋರಿಸಿತ್ತು. ಕ್ಲಿಪ್ ಇಟ್ಟ ಗ್ರಂಥಿಯನ್ನೂ ಸೇರಿಸಿ ತೆಗೆದಾಗ ಈ ತಪ್ಪು ಶೇ. 2ಕ್ಕೆ ಇಳಿದದ್ದನ್ನು 2016ರ ಅಧ್ಯಯನವೊಂದು ದಾಖಲಿಸಿದೆ.

ಸೂಕ್ಷ್ಮದರ್ಶಕದ ಅಡಿಯಲ್ಲಿ

ಅಲ್ಟ್ರಾಸೌಂಡ್ ತೋರಿಸಿದ್ದ 8 ಮಿ.ಮೀ. ಜಾಗದಲ್ಲಿ ಒಂದು ಕ್ಯಾನ್ಸರ್ ಕೋಶವೂ ಇರಲಿಲ್ಲ. ಕ್ಲಿಪ್‌ನ ಸುತ್ತ ನಾರುಗಟ್ಟಿದ ಕಲೆ, ಸತ್ತ ಕೋಶಗಳನ್ನು ನುಂಗಿ ಉಬ್ಬಿದ ಕೋಶಗಳ ಗುಂಪು, ಇಷ್ಟೇ. ಅಲ್ಲಿಂದ 15 ಮಿ.ಮೀ. ಆಚೆ, ಅಲ್ಟ್ರಾಸೌಂಡ್‌ನಲ್ಲೂ ಎಂಆರ್‌ಐನಲ್ಲೂ ಸಹಜವಾಗಿ ಕಂಡ ಜಾಗದಲ್ಲಿ, 22 × 9 ಮಿ.ಮೀ. ಪ್ರದೇಶದೊಳಗೆ ಹರಡುವ ಕ್ಯಾನ್ಸರ್‌ನ ಐದು ಪ್ರತ್ಯೇಕ ಚುಕ್ಕೆಗಳು ಇದ್ದವು. ಅವುಗಳಲ್ಲಿ ದೊಡ್ಡದು 4 ಮಿ.ಮೀ. ಜೊತೆಗೆ ನಾಳದೊಳಗೇ ಉಳಿದ ಕ್ಯಾನ್ಸರ್, ಮತ್ತು ಅದಕ್ಕೆ ಅಂಟಿಕೊಂಡ ಕ್ಯಾಲ್ಸಿಯಂ ಕಣಗಳು. ತೆಗೆದ ಅಂಗಾಂಶದ ಅಂಚುಗಳಲ್ಲಿ ರೋಗ ಇರಲಿಲ್ಲ. ಗ್ರಂಥಿಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ಕ್ಲಿಪ್ ಇದ್ದ ಗ್ರಂಥಿಯಲ್ಲಿ ಮಾತ್ರ ಹಿಂದೆ ರೋಗ ಇದ್ದು ಇಲ್ಲವಾದದ್ದಕ್ಕೆ ಸಾಕ್ಷಿಯಾಗಿ ಕಲೆಯೊಂದು ಇತ್ತು.

ಉಳಿಕೆಯ ಹೊರೆಯನ್ನು ಅಳೆಯಲು 2007ರಿಂದ ಬಳಕೆಯಲ್ಲಿರುವ ಆರ್‌ಸಿಬಿ ಸೂಚ್ಯಂಕ, ಉಳಿಕೆ ಹರಡಿರುವ ಜಾಗದ ಎರಡು ಅಳತೆಗಳು, ಅದರಲ್ಲಿ ಕ್ಯಾನ್ಸರ್ ಕೋಶಗಳ ಪಾಲು, ಆ ಪಾಲಿನಲ್ಲಿ ನಾಳದೊಳಗಿನದು ಎಷ್ಟು, ರೋಗವಿರುವ ಗ್ರಂಥಿಗಳ ಸಂಖ್ಯೆ, ಅವುಗಳಲ್ಲಿ ದೊಡ್ಡ ಉಳಿಕೆಯ ಅಳತೆ, ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಇಲ್ಲಿ ಕೋಶಗಳ ಪಾಲು ಶೇ. 3, ಅದರಲ್ಲಿ ಶೇ. 40 ನಾಳದೊಳಗಿನದು, ಸೂಚ್ಯಂಕ ಸುಮಾರು 1.1 ಬಂತು. 1.36ರವರೆಗಿನದು ಮೊದಲ ವರ್ಗ, ಅಂದರೆ ಅತ್ಯಲ್ಪ ಉಳಿಕೆ. ಅತ್ಯಲ್ಪವಾದರೂ ಉಳಿಕೆಯೇ.

ಮೊದಲ ದಾರಿಯನ್ನು ಆರಿಸಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಹಲವು ಬಾರಿ ಯೋಚಿಸಿದ್ದೇನೆ. ಕ್ಲಿಪ್‌ನ ಸುತ್ತ ಒಂದು ಸೆಂಟಿಮೀಟರ್ ಅಂಚಿಟ್ಟು ತೆಗೆದ ಅಂಗಾಂಶ, ಮೊದಲ ಚುಕ್ಕೆಯನ್ನು ಮುಟ್ಟುವ ಮುಂಚೆಯೇ ಮುಗಿದುಹೋಗುತ್ತಿತ್ತು. ಪೆಥಾಲಜಿಸ್ಟ್ ತಮ್ಮ ಕೈಗೆ ಬಂದ ತುಂಡನ್ನು ಎಷ್ಟೇ ಶ್ರದ್ಧೆಯಿಂದ ನೋಡಿದರೂ ಕಲೆಯನ್ನಷ್ಟೇ ಕಂಡು, ಅಂಚು ಸ್ವಚ್ಛ, ಪ್ರತಿಕ್ರಿಯೆ ಸಂಪೂರ್ಣ ಎಂದು ಪ್ರಾಮಾಣಿಕವಾಗಿ ಬರೆಯುತ್ತಿದ್ದರು. ಸೂಜಿಯೂ ಅದೇ ಸುದ್ದಿಯನ್ನು ತರುತ್ತಿತ್ತು. ಚಿತ್ರಣದ ತಪ್ಪನ್ನು ಪೆಥಾಲಜಿ ಸರಿಪಡಿಸುತ್ತದೆ ಎಂದು ನಾವು ನಂಬಿ ಕೂರುತ್ತೇವೆ. ಆದರೆ ಪೆಥಾಲಜಿಗೆ ಯಾವ ತುಂಡು ಹೋಗಬೇಕೆಂದು ನಿರ್ಧರಿಸುವುದು ಚಿತ್ರಣವೇ. ಮೂಲದಲ್ಲಿ ಅಳತೆ ಕಿರಿದಾದರೆ ಆ ತಪ್ಪು ಕೊನೆಯವರೆಗೂ ಯಾರ ಕಣ್ಣಿಗೂ ಬೀಳದೆ ಸಾಗುತ್ತದೆ.

ಎರಡೂ ದಿಕ್ಕಿನಲ್ಲಿ ತಪ್ಪಿದ್ದು ಏಕೆ

ಒಂದೇ ಪರೀಕ್ಷೆ ಇಲ್ಲದ್ದನ್ನು ತೋರಿಸಿ, ಇದ್ದದ್ದನ್ನು ತೋರಿಸದೆ ಹೋದದ್ದಕ್ಕೆ ಯಂತ್ರದ ಸೂಕ್ಷ್ಮತೆ ಸಾಲದಿದ್ದುದು ಕಾರಣವಲ್ಲ. ಮೃದು ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗುತ್ತದೆ. 12 ಮೆಗಾಹರ್ಟ್ಸ್ ಆವರ್ತನದಲ್ಲಿ ಅದರ ಅಲೆಯುದ್ದ 0.13 ಮಿ.ಮೀ. ಮಾತ್ರ. 4 ಮಿ.ಮೀ. ಚುಕ್ಕೆಯನ್ನು ಕಾಣಲು ಇದು ಧಾರಾಳ. ಸಾಲದಿದ್ದುದು ಚುಕ್ಕೆಗೂ ಅದರ ಸುತ್ತಲಿನ ಅಂಗಾಂಶಕ್ಕೂ ನಡುವಿನ ವ್ಯತ್ಯಾಸ.

ಚಿಕಿತ್ಸೆಗೆ ಮೊದಲು ಗಡ್ಡೆ ಕಪ್ಪಾಗಿ, ಹಿಂದೆ ನೆರಳು ಬೀಳಿಸುತ್ತ ಕಾಣುವುದಕ್ಕೆ ಕ್ಯಾನ್ಸರ್ ಕೋಶಗಳಷ್ಟೇ ಅಲ್ಲದೆ ಅವು ತಮ್ಮ ಸುತ್ತ ಬೆಳೆಸಿಕೊಂಡ ನಾರಿನ ಹಂದರವೂ ಕಾರಣ. ಶಬ್ದವನ್ನು ಹೀರಿ ಚದುರಿಸುವುದು ಮುಖ್ಯವಾಗಿ ಆ ಹಂದರ. ಔಷಧ ಕೊಲ್ಲುವುದು ಕೋಶಗಳನ್ನು. ಹಂದರ ನಿಧಾನವಾಗಿ ಕುಗ್ಗುತ್ತದೆ, ಕೆಲವೆಡೆ ಕಲೆಯಾಗಿ ಗಟ್ಟಿಯಾಗುತ್ತದೆ. ಹೀಗಾಗಿ ಮನೆಯವರು ಹೊರಟುಹೋದ ಮೇಲೂ ಮನೆಯ ನೆರಳು ಬೀಳುತ್ತಲೇ ಇರುತ್ತದೆ. ಇತ್ತ, ಹಂದರ ಕುಗ್ಗಿದ ಜಾಗದಲ್ಲಿ ಬದುಕುಳಿದ ಕೋಶಗಳ ಸಣ್ಣ ಗುಂಪುಗಳು ಸಹಜ ಸ್ತನದ ನಾರು ಮತ್ತು ಹಾಲಿನ ಗ್ರಂಥಿಗಳ ನಡುವೆ ಚದುರಿ ನಿಂತರೆ, ಅವು ಹಿಂದಿರುಗಿಸುವ ಶಬ್ದಕ್ಕೂ ನೆರೆಯ ಅಂಗಾಂಶದ ಶಬ್ದಕ್ಕೂ ಭೇದ ಉಳಿಯುವುದಿಲ್ಲ. ಗಡ್ಡೆ ಹೊರಗಿನಿಂದ ಒಳಕ್ಕೆ ಒಂದೇ ಸಮ ಕುಗ್ಗುತ್ತ ಬಂದರೆ ಅಲ್ಟ್ರಾಸೌಂಡ್ ಅಳತೆ ಸತ್ಯಕ್ಕೆ ಹತ್ತಿರವಿರುತ್ತದೆ. ಅದು ಒಡೆದು ಚೂರುಚೂರಾಗಿ ಉಳಿದರೆ ಅಳತೆಗೆ ಆಧಾರವೇ ಇರುವುದಿಲ್ಲ. ಹಾರ್ಮೋನ್ ಗ್ರಾಹಿಗಳಿರುವ ಕ್ಯಾನ್ಸರ್‌ಗಳು ಹೆಚ್ಚಾಗಿ ಈ ಎರಡನೆಯ ಬಗೆಯಲ್ಲಿ ಉಳಿಯುತ್ತವೆ. ಹರ್-2 ಇರುವ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲನೆಯ ಬಗೆಯದಾದರೂ, ಅದರ ಜೊತೆ ನಾಳದೊಳಗಿನ ಕ್ಯಾನ್ಸರ್ ದೂರದವರೆಗೆ ಹಬ್ಬಿರುವುದು ಅಪರೂಪವಲ್ಲ.

ಅಂಗಾಂಶದ ಗಡಸುತನವನ್ನು ಅಳೆಯುವ ಇಲಾಸ್ಟೋಗ್ರಫಿ ಇಲ್ಲಿ ನೆರವಾಗಬಹುದಿತ್ತೇ ಎಂದು ಸಭೆಯಲ್ಲಿ ಕೇಳಲಾಯಿತು. ಚಿಕಿತ್ಸೆಯ ಆರಂಭದ ವಾರಗಳಲ್ಲಿ ಗಡ್ಡೆ ಮೆದುವಾಗುತ್ತಿದೆಯೇ ಎಂದು ತಿಳಿಯಲು ಅದು ಉಪಯುಕ್ತ. ಆದರೆ ಕೊನೆಯಲ್ಲಿ ಕಲೆಯೂ ಗಡುಸು, ಕ್ಯಾನ್ಸರೂ ಗಡುಸು. ಸೂಕ್ಷ್ಮ ಗುಳ್ಳೆಗಳನ್ನು ರಕ್ತಕ್ಕೆ ಚುಚ್ಚಿ ಮಾಡುವ ಅಲ್ಟ್ರಾಸೌಂಡ್ ರಕ್ತದ ಹರಿವನ್ನು ತೋರಿಸುತ್ತದೆ, ಎಂಆರ್‌ಐಗೆ ಕಾಣದೆ ಹೋದ ಚುಕ್ಕೆಗಳು ಅದಕ್ಕೆ ಕಂಡಾವೆಂಬ ನಿರೀಕ್ಷೆ ನನಗಿಲ್ಲ.

ಮುಂದಿನ ಚಿಕಿತ್ಸೆ

ಐದು ಚುಕ್ಕೆಗಳು ಸಿಕ್ಕಿದ್ದರಿಂದ ರೋಗಿಯ ಮುಂದಿನ ಔಷಧ ಬದಲಾಯಿತು. 1,486 ರೋಗಿಗಳ ಕ್ಯಾಥರೀನ್ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾದಂದಿನಿಂದ, ಹರ್-2 ಕ್ಯಾನ್ಸರ್‌ನಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಹರಡುವ ಕ್ಯಾನ್ಸರ್ ಉಳಿದಿದ್ದವರಿಗೆ ಟ್ರಾಸ್ಟುಜುಮ್ಯಾಬ್ ಅನ್ನೇ ಮುಂದುವರಿಸುವ ಬದಲು, ಅದೇ ಪ್ರತಿಕಾಯಕ್ಕೆ ಕೋಶ ಕೊಲ್ಲುವ ಔಷಧವನ್ನು ಬೆಸೆದ ಟ್ರಾಸ್ಟುಜುಮ್ಯಾಬ್ ಎಮ್ಟಾನ್ಸಿನ್ ಅನ್ನು 14 ಸುತ್ತು ಕೊಡುವ ಕ್ರಮ ಬಂದಿದೆ. ಮೂರು ವರ್ಷಗಳ ಕೊನೆಯಲ್ಲಿ ಹರಡುವ ರೋಗವಿಲ್ಲದೆ ಇದ್ದವರು ಹೊಸ ಔಷಧದ ಗುಂಪಿನಲ್ಲಿ ಶೇ. 88.3, ಹಳೆಯದರಲ್ಲಿ ಶೇ. 77. ಉಳಿಕೆ ಗೊತ್ತಾಗದೆ ಹೋಗಿದ್ದರೆ ಈ ಮಹಿಳೆಗೆ ಹಳೆಯ ಔಷಧವೇ ಮುಂದುವರಿಯುತ್ತಿತ್ತು. ವರದಿಯನ್ನು ಕೇಳಿದಾಗ ಅವರಿಗೆ ನಿರಾಶೆಯಾಯಿತು. ಮತ್ತೆ ಹತ್ತು ತಿಂಗಳ ಔಷಧ ಎಂದರೆ ಯಾರಿಗಾದರೂ ಆಗುವಂಥದ್ದೇ. ಆದರೆ ಕೊನೆಯ ಸ್ಕ್ಯಾನಿನ ದಿನ ಕೇಳಿದ ಮಾತು ನೆನಪಿದ್ದುದರಿಂದ ತಮಗೆ ಯಾರೋ ಸುಳ್ಳು ಹೇಳಿದ್ದರು ಎಂಬ ಭಾವನೆ ಅವರಿಗೆ ಬರಲಿಲ್ಲ. ಸ್ತನಕ್ಕೆ ವಿಕಿರಣ ಚಿಕಿತ್ಸೆಯನ್ನೂ ಕೊಡಲಾಯಿತು.

ಪ್ರಕರಣವನ್ನು ವಿಭಾಗದೊಳಗೆ ಮತ್ತೊಮ್ಮೆ ಪರಿಶೀಲಿಸಿದಾಗ, ಕೀಮೋಥೆರಪಿಗೆ ಮುಂಚಿನ ಅಲ್ಟ್ರಾಸೌಂಡ್ ವರದಿಯ ನಮೂನೆಯನ್ನು ಬದಲಾಯಿಸಲಾಯಿತು. ಗಡ್ಡೆಯ ಮೂರು ಅಳತೆಗಳ ಕೆಳಗೆ, ನಾಳದ ಉದ್ದಕ್ಕೆ ಚಾಚಿದ ಭಾಗವೂ ಸೇರಿದಂತೆ ರೋಗ ಹಬ್ಬಿರುವ ಪೂರ್ತಿ ಉದ್ದವನ್ನು ಬರೆಯಲು ಪ್ರತ್ಯೇಕ ಸಾಲು ಬಂತು. ಆ ಉದ್ದ ಗಡ್ಡೆಗಿಂತ ಹೆಚ್ಚಿದ್ದರೆ ಎರಡೂ ತುದಿಗಳಲ್ಲಿ ಕ್ಲಿಪ್ ಇಡುವುದು, ಮ್ಯಾಮೊಗ್ರಾಂನ ಕಣಗಳ ಹರವಿನೊಂದಿಗೆ ಅದನ್ನು ಹೋಲಿಸಿ ಒಂದು ವಾಕ್ಯ ಬರೆಯುವುದು, ಮೊದಲೇ ಒಂದು ಎಂಆರ್‌ಐ ಮಾಡಿಸಿಡುವುದು ಎಂದು ತೀರ್ಮಾನವಾಯಿತು. ಚಿಕಿತ್ಸೆಯ ನಂತರದ ವರದಿಯಲ್ಲಿ “ಉಳಿಕೆ ಇಲ್ಲ” ಎಂಬ ಮಾತಿನ ಬದಲು “ಅಲ್ಟ್ರಾಸೌಂಡ್‌ನಲ್ಲಿ ಕಾಣುವ ಗಡ್ಡೆ ಇಲ್ಲ” ಎಂದೇ ಬರೆಯಬೇಕೆಂದು ಒಪ್ಪಿಕೊಳ್ಳಲಾಯಿತು.

ಶಸ್ತ್ರಚಿಕಿತ್ಸೆಯಾದ ಆರು ತಿಂಗಳ ನಂತರದ ಅಲ್ಟ್ರಾಸೌಂಡ್‌ನಲ್ಲಿ ಗಾಯದ ಜಾಗ 11 ಮಿ.ಮೀ.ನ ಕಪ್ಪು ಗೆರೆಯಾಗಿ, ಹಿಂದೆ ನೆರಳಿನೊಂದಿಗೆ ಕಂಡಿತು; ಕಂಕುಳಿನ ಉಳಿದ ಗ್ರಂಥಿಗಳು ಸಹಜವಾಗಿದ್ದವು. ಮುಂದಿನ ಹೋಲಿಕೆಗೆ ಆಧಾರವಾಗಲೆಂದು ಆ ಕಲೆಯನ್ನು ಎರಡೂ ದಿಕ್ಕುಗಳಲ್ಲಿ ಅಳೆದು, ಮೊದಲ ದಿನದ ಚಿತ್ರವನ್ನೂ ಜೊತೆಗಿರಿಸಿ, ಕಡತಕ್ಕೆ ಸೇರಿಸಲಾಯಿತು.